ತೂಕಕ್ಕೂ ವಯಸ್ಸಿಗೂ ವಿಟಮಿನ್ ಮಾತ್ರೆ: ಕೊಳ್ಳುವ ಮುಂಚೆ ಇಷ್ಟು ಮಾಡಿ

"ತೂಕ ಇಳಿಯೋಕೆ ಯಾವ ಸಪ್ಲಿಮೆಂಟ್ ಒಳ್ಳೇದು?" "ಅಮ್ಮನಿಗೆ ಅರವತ್ತೆರಡಾಯ್ತು, ಮಲ್ಟಿವಿಟಮಿನ್ ಶುರು ಮಾಡಿಸಲಾ?" ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತು ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳಿವು. ಈಗ ಓದುಗರೂ ಇದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಬ್ಬು ಕರಗಿಸುವ ವಿಟಮಿನ್ ಯಾವುದೂ ಇಲ್ಲ. ವಯಸ್ಸು ನಿಲ್ಲಿಸುವ ಮಾತ್ರೆಯೂ ಇಲ್ಲ. ಇರುವುದು ಕೊರತೆ ತುಂಬಿಸುವ ಮಾತ್ರೆ. ಕೊರತೆ ಇದ್ದವರಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಲ್ಲದವರಿಗೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಬಿ ಕಾಂಪ್ಲೆಕ್ಸ್ ನುಂಗಿದ ದಿನ ಮೂತ್ರ ಗಾಢ ಹಳದಿ ಆಗುತ್ತಲ್ಲ, ಅದು ನಿಮ್ಮ ದೇಹಕ್ಕೆ ಬೇಡವಾದ ಬಿ2 ಹೊರಗೆ ಹೋಗುತ್ತಿರುವ ಬಣ್ಣ. ಹಾಗಾಗಿ "ಯಾವುದು ಒಳ್ಳೇದು" ಅಂತ ಕೇಳುವ ಮುಂಚೆ "ನನ್ನಲ್ಲಿ ಏನು ಕಡಿಮೆ ಇದೆ" ಅಂತ ಕೇಳಿಕೊಳ್ಳಬೇಕು.

ನಾನು ಡಾಕ್ಟರ್ ಅಲ್ಲ, ಔಷಧ ಕೊಡುವವನು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಈ ಲೇಖನ ನೋಡಿ ಏನನ್ನೂ ಶುರು ಮಾಡಬೇಡಿ. ನಿಮ್ಮ ಡಾಕ್ಟರನ್ನೇ ಕೇಳಿ.

ಬೇಕಾಗುವ ಸಾಮಾನು ಇಷ್ಟೇ: ಈಚಿನ ರಕ್ತ ಪರೀಕ್ಷೆಯ ರಿಪೋರ್ಟು, ಟೈಲರ್ ಟೇಪು, ಒಂದು ಮಾರ್ಕರ್ ಪೆನ್ನು, ಮೊಬೈಲ್ ಕ್ಯಾಮೆರಾ. ಕ್ಯಾಮೆರಾ ಯಾಕೆ ಅಂದರೆ ಡಬ್ಬಿಯ ಹಿಂದಿನ ಅಕ್ಷರ ಬರಿಗಣ್ಣಿಗೆ ಕಾಣುವುದಿಲ್ಲ. ಫೋಟೊ ತೆಗೆದು ದೊಡ್ಡದು ಮಾಡಿ ಓದಬೇಕು.

1. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕಡೆ ಹಾಕಿ

ಫ್ರಿಜ್ ಮೇಲಿನ ಡಬ್ಬ, ದಿಂಬಿನ ಪಕ್ಕದ ಸ್ಟ್ರಿಪ್, ಅಮೆರಿಕದಿಂದ ಮಗಳು ತಂದ ದೊಡ್ಡ ಬಾಟಲಿ, ಪಕ್ಕದ ಮನೆಯವರು ಕೊಟ್ಟ ಪುಡಿ, ನಾಟಿ ಔಷಧಿ, ಎಲ್ಲವೂ ಮೇಜಿನ ಮೇಲೆ ಬರಲಿ. ಡಾಕ್ಟರ್ ಬರೆದುಕೊಟ್ಟವೂ ಸೇರಲಿ.

ಮೊದಲು ನೋಡಬೇಕಾದ್ದು, ಒಂದೇ ವಸ್ತು ಎಷ್ಟು ಕಡೆ ಇದೆ ಅಂತ. ಕ್ಯಾಲ್ಸಿಯಂ ಮಾತ್ರೆಯಲ್ಲಿ ವಿಟಮಿನ್ ಡಿ ಇರುತ್ತದೆ. ಮಲ್ಟಿವಿಟಮಿನ್‌ನಲ್ಲೂ ಇರುತ್ತದೆ. ಮೂಳೆ ಡಾಕ್ಟರ್ ಕೊಟ್ಟ ಸ್ಯಾಚೆಟ್ಟಿನಲ್ಲಂತೂ ಅದೇ ಇರುತ್ತದೆ. ಮೂರನ್ನೂ ಬೇರೆ ಬೇರೆ ಔಷಧಿ ಅಂತ ನುಂಗುತ್ತಿರುವ ಮನೆಗಳು ಕಡಿಮೆಯೇನಲ್ಲ.

ಆಮೇಲೆ ನೋಡಬೇಕಾದ್ದು, ಯಾವುದಕ್ಕೆ ಯಾವುದು ಆಗಿಬರುವುದಿಲ್ಲ ಅಂತ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯನ್ನು ಅದಕ್ಕಿಂತ 4 ಗಂಟೆ ದೂರ ಇಡಬೇಕು. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸೆನೊಕೂಮರಾಲ್ ತಗೊಳ್ಳುವವರು ವಿಟಮಿನ್ ಕೆ ಇರುವ ಯಾವುದನ್ನೂ ಕೇಳದೆ ಮುಟ್ಟಬಾರದು. ವಿಟಮಿನ್ ಇ ಮತ್ತು ಮೀನೆಣ್ಣೆಯ ದೊಡ್ಡ ಪ್ರಮಾಣಗಳೂ ಅವರಿಗೆ ಅಪಾಯ. ಈಗ ಮೂಳೆಗೆಂದು ಮಾರುವ ಮಾತ್ರೆಗಳಲ್ಲಿ ವಿಟಮಿನ್ ಕೆ2 ಸೇರಿಸುವುದು ಫ್ಯಾಷನ್ ಆಗಿದೆ, ನೆನಪಿರಲಿ. ಅಶ್ವಗಂಧ ನಮ್ಮದೇ, ಹಿತ್ತಲ ಗಿಡ, ಏನೂ ಆಗಲ್ಲ ಅನ್ನುವವರಿಗೆ ಒಂದು ಮಾತು. ಕ್ಯಾಪ್ಸೂಲ್ ರೂಪದ ಅಶ್ವಗಂಧದಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಹಾರ್ಮೋನನ್ನೂ ಅದು ಏರಿಸಬಲ್ಲದು.

2. ರಕ್ತ ಪರೀಕ್ಷೆ, ಅದೂ ಮಾತ್ರೆ ಶುರು ಮಾಡುವ ಮುಂಚೆ

ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಒಂದು ತಿಂಗಳು ಬಿ12 ನುಂಗಿ ಆಮೇಲೆ ಪರೀಕ್ಷೆಗೆ ಹೋಗುತ್ತಾರೆ. ಆಗ ಬರುವ ಸಂಖ್ಯೆ ನೀವು ನುಂಗಿದ ಮಾತ್ರೆಯನ್ನು ತೋರಿಸುತ್ತದೆ. ಮುಂಚೆ ಕೊರತೆ ಇತ್ತೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

80 ಪರೀಕ್ಷೆಗಳ ಪ್ಯಾಕೇಜ್ ಬೇಡ. ನಮ್ಮ ವಿಷಯಕ್ಕೆ ಇಷ್ಟು ಸಾಕು: ಸಿಬಿಸಿ, ಅಂದರೆ ರಕ್ತಕಣಗಳ ಲೆಕ್ಕ. ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ. ಬಿ12. 25 ಹೈಡ್ರಾಕ್ಸಿ ವಿಟಮಿನ್ ಡಿ. ಟಿಎಸ್‌ಎಚ್, ಅಂದರೆ ಥೈರಾಯ್ಡ್ ಪರೀಕ್ಷೆ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅನ್ನುವ ಅಂದಾಜು.

ತೂಕದ ಚಿಂತೆ ಇರುವವರಿಗೆ ಇದರಲ್ಲಿ ಟಿಎಸ್‌ಎಚ್ ಮುಖ್ಯ. ಥೈರಾಯ್ಡ್ ನಿಧಾನವಾಗಿದ್ದರೆ ತೂಕ ಏರುತ್ತದೆ. ಸ್ಟಿರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಕಾರಣ ಅಲ್ಲಿರುವಾಗ ಸೊಪ್ಪಿನ ಸಾರದ ಕ್ಯಾಪ್ಸೂಲ್ ಏನು ಮಾಡೀತು? ಹಾಗಂತ ಆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಡಾಕ್ಟರ್ ಹತ್ತಿರ ಮಾತಾಡಿ.

ವಿಟಮಿನ್ ಡಿ (ng/mL ಲೆಕ್ಕದಲ್ಲಿ) 20ಕ್ಕಿಂತ ಕೆಳಗೆ ಇದ್ದರೆ ಕೊರತೆ. 20ರಿಂದ 30ರ ನಡುವೆ ಇದ್ದರೆ ಬಹಳ ಲ್ಯಾಬ್‌ಗಳು "ಸಾಲದು" ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತವೆ. 28 ಬಂತು ಅಂತ ಗಾಬರಿಯಾಗಿ ಓಡಿ ಬರುವವರಿದ್ದಾರೆ. ಅದು ಗಾಬರಿಯಾಗುವ ಸಂಖ್ಯೆ ಅಲ್ಲ. ಬಿ12 (pg/mL ಲೆಕ್ಕದಲ್ಲಿ) 200ಕ್ಕಿಂತ ಕೆಳಗೆ ಇದ್ದರೆ ಮಾತ್ರ ತಡ ಮಾಡಬೇಡಿ, ವಯಸ್ಸಾದವರಾದರೆ ಇನ್ನೂ ಬೇಗ.

ಕೂದಲಿಗೆಂದು ಬಯೋಟಿನ್ ತಗೊಳ್ಳುತ್ತಿದ್ದೀರಾ? ಅದು ಥೈರಾಯ್ಡ್ ರಿಪೋರ್ಟನ್ನು ಸುಳ್ಳು ಮಾಡಬಲ್ಲದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೋನಿನ್ ಪರೀಕ್ಷೆಯನ್ನೂ ತಪ್ಪಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

3. ತಟ್ಟೆಯಲ್ಲಿ ಏನಿದೆ, ಲೆಕ್ಕ ಹಾಕಿ

ಕ್ಯಾಲ್ಸಿಯಂ ಉದಾಹರಣೆ ತಗೊಳ್ಳೋಣ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ ಅಷ್ಟೇ ಹಿಟ್ಟು ಹಿಡಿಯುತ್ತದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ 240ರ ಹತ್ತಿರ. ಒಂದು ಬಟ್ಟಲು ಮೊಸರು, ನುಗ್ಗೆಸೊಪ್ಪಿನ ಪಲ್ಯ, ಒಂದು ಚಮಚ ಎಳ್ಳಿನ ಚಟ್ನಿಪುಡಿ ಸೇರಿದರೆ ಅಲ್ಲಿಗೆ ಮುಗಿಯಿತು. ಮುದ್ದೆ, ಹಾಲು, ಮೊಸರು ತಿನ್ನುವ ಅಜ್ಜಿಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಯಾಕೆ ಬೇಕು, ಹೇಳಿ. ಜಾಸ್ತಿಯಾದರೆ ಮಲಬದ್ಧತೆ. ಕೆಲವರಿಗೆ ಕಿಡ್ನಿಯಲ್ಲಿ ಕಲ್ಲು. ಹಾಲು ಆಗದವರು, ಮೂರು ಹೊತ್ತೂ ಅನ್ನವನ್ನೇ ಉಣ್ಣುವವರು ಬೇರೆ. ಅವರಿಗೆ ಒಂದು ಮಾತ್ರೆ ಸರಿ.

ಪ್ರೋಟೀನ್ ಲೆಕ್ಕ ಇದಕ್ಕೆ ಉಲ್ಟಾ. ಅಲ್ಲಿ ನಮ್ಮ ಊಟ ನಿಜವಾಗಿಯೂ ಸೋಲುತ್ತದೆ. ಆರೋಗ್ಯವಾಗಿರುವವರಿಗೆ ಕಿಲೊ ತೂಕಕ್ಕೆ 0.83 ಗ್ರಾಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. 60 ಕಿಲೊ ಇರುವವರಿಗೆ 50 ಗ್ರಾಂ ಆಯಿತು. ವಯಸ್ಸಾದ ಮೇಲೆ ಸ್ನಾಯು ಕರಗದಂತೆ ನೋಡಿಕೊಳ್ಳಲು 1ರಿಂದ 1.2 ಗ್ರಾಂ ಬೇಕು ಅನ್ನುವವರು ಹೆಚ್ಚು. ಅಂದರೆ 60ರಿಂದ 72 ಗ್ರಾಂ. ಈಗ ನೋಡಿ: ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಬಟ್ಟಲು ಮೊಸರಿನಲ್ಲೂ 6ರ ಆಸುಪಾಸು. 50 ಗ್ರಾಂ ಒಣ ಹೆಸರುಕಾಳಿನಲ್ಲಿ 11. 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26. ತಿಳಿಸಾರಿನ ಅನ್ನದಲ್ಲಿ? ಬೇಳೆ ತಳದಲ್ಲಿ ಉಳಿದಿರುತ್ತದೆ, ಅಲ್ವಾ. ಸಾರಿನ ಬದಲು ಹುಳಿ, ಕಾಳಿನ ಬಸ್ಸಾರು, ಸಂಜೆ ಹುರಿಗಡಲೆ ಅಂತ ಮಾಡಿಕೊಂಡರೆ ಪುಡಿಯ ಡಬ್ಬ ಬೇಕಾಗುವುದಿಲ್ಲ. ಮಾಂಸ, ಮೀನು ತಿನ್ನುವವರಿಗೆ ಇದು ಇನ್ನೂ ಸುಲಭ.

4. ಡಬ್ಬಿಯ ಮುಂದೆ ನೋಡಬೇಡಿ, ಹಿಂದೆ ಓದಿ

ಡಬ್ಬಿಯ ಮುಂಭಾಗ ಜಾಹೀರಾತು. ಸಣ್ಣ ಸೊಂಟದ ಹುಡುಗಿ, ಓಡುತ್ತಿರುವ ಬಿಳಿಗೂದಲ ದಂಪತಿ, "ಅಡ್ವಾನ್ಸ್ಡ್", "ಗೋಲ್ಡ್". ತಿರುಗಿಸಿ.

ಮೊದಲು ಅದು ಆಹಾರವೋ ಔಷಧವೋ ನೋಡಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಲ್ಲಿ ಅದು ಆಹಾರ. "ಹೆಲ್ತ್ ಸಪ್ಲಿಮೆಂಟ್", "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಬರೆದಿರುತ್ತದೆ. ಅಂದರೆ ಔಷಧವಾಗಿ ಬಳಸಲು ಅಲ್ಲ ಅಂತ ತಯಾರಿಸಿದವರೇ ಬರೆದುಕೊಟ್ಟ ಹಾಗೆ. ಔಷಧ ಪರವಾನಗಿಯಲ್ಲಿ ತಯಾರಾದ ಮಾತ್ರೆಯ ಮೇಲೆ ಬೇರೆ ಥರದ ಲೈಸೆನ್ಸ್ ಸಂಖ್ಯೆ ಇರುತ್ತದೆ. ಎರಡೂ ನಮ್ಮ ಅಂಗಡಿಯ ಒಂದೇ ಶೆಲ್ಫಿನಲ್ಲಿ ಇರುತ್ತವೆ, ಗಿರಾಕಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 14 ಅಂಕಿಯ ಸಂಖ್ಯೆಯನ್ನು ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ ನೋಡಬಹುದು. ಹೆಸರು, ವಿಳಾಸ ಹೊಂದಬೇಕು. ಆದರೆ ಆ ಸಂಖ್ಯೆ ಇದೆ ಅಂದ ಮಾತ್ರಕ್ಕೆ ಮಾತ್ರೆ ತೂಕ ಇಳಿಸುತ್ತದೆ ಅಂತ ಸರ್ಕಾರ ಒಪ್ಪಿದೆ ಅಂತಲ್ಲ. ತಯಾರಿಸಲು ಅನುಮತಿ ಇದೆ, ಅಷ್ಟೇ.

ಎರಡನೆಯದು ಅಳತೆ. ಇದರಲ್ಲಿ ಓದಿದವರೂ ಎಡವುತ್ತಾರೆ. ಕ್ಯಾಲ್ಸಿಯಂ ಸ್ಟ್ರಿಪ್ ಮೇಲೆ "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ" ಅಂತ ಇರುತ್ತದೆ. ಅದರಲ್ಲಿ ನಿಜವಾದ ಕ್ಯಾಲ್ಸಿಯಂ ನೂರಕ್ಕೆ 40 ಭಾಗ ಮಾತ್ರ, ಅಂದರೆ 500 ಮಿಲಿಗ್ರಾಂ. ಇದನ್ನು ಎಲಿಮೆಂಟಲ್ ಕ್ಯಾಲ್ಸಿಯಂ ಅನ್ನುತ್ತಾರೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಅದನ್ನೇ. ವಿಟಮಿನ್ ಡಿ ಒಂದು ಡಬ್ಬಿಯಲ್ಲಿ "ಐಯು" ಲೆಕ್ಕದಲ್ಲಿ, ಇನ್ನೊಂದರಲ್ಲಿ ಮೈಕ್ರೊಗ್ರಾಂ ಲೆಕ್ಕದಲ್ಲಿ ಇರುತ್ತದೆ. ಐಯು ಅಂದರೆ ವಿಟಮಿನ್‌ನ ಬಲ ಅಳೆಯುವ ಮಾನ. ವಿಟಮಿನ್ ಡಿ ಮಟ್ಟಿಗೆ 40 ಐಯು ಅಂದರೆ 1 ಮೈಕ್ರೊಗ್ರಾಂ. 25 ಮೈಕ್ರೊಗ್ರಾಂ ನೋಡಿ "ಇಷ್ಟೇನಾ" ಅನ್ನಬೇಡಿ, ಅದು 1000 ಐಯು.

ಮೂರನೆಯದು "ಸರ್ವಿಂಗ್ ಸೈಜ್", ಅಂದರೆ ಒಂದು ಸಲದ ಪ್ರಮಾಣ. ಅಲ್ಲಿ ಬರೆದ ಅಂಕಿಗಳು ಎರಡು ಅಥವಾ ಮೂರು ಮಾತ್ರೆಗೆ ಸೇರಿ ಇರಬಹುದು. 60 ಮಾತ್ರೆಯ ಡಬ್ಬಿ ಎರಡು ತಿಂಗಳಿಗೆ ಅಂತ ಕೊಂಡು, ಇಪ್ಪತ್ತು ದಿನಕ್ಕೆ ಖಾಲಿಯಾದ ಮೇಲೆ ಗೊತ್ತಾಗುತ್ತದೆ. ಬೆಲೆ ಹೋಲಿಸುವಾಗ ಡಬ್ಬಿಯ ಬೆಲೆ ನೋಡಬೇಡಿ, ದಿನಕ್ಕೆ ಎಷ್ಟು ಬಿತ್ತು ನೋಡಿ. ಅದೇ ಬಿ12, ಅದೇ ಕ್ಯಾಲ್ಸಿಯಂ ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆಗೆ ಸಿಗುತ್ತದೆ. ಅಂಗಡಿ ಇಟ್ಟವನಾಗಿ ಈ ಮಾತು ಹೇಳಬಾರದು, ಆದರೂ ಹೇಳಿದ್ದೇನೆ.

"ಪ್ರೊಪ್ರೈಟರಿ ಬ್ಲೆಂಡ್" ಅನ್ನುವ ಪದ ಕಂಡರೆ ಡಬ್ಬಿ ವಾಪಸ್ ಇಡಿ. ಹತ್ತು ವಸ್ತು ಹಾಕಿದ್ದೇವೆ, ಯಾವುದು ಎಷ್ಟು ಅಂತ ಹೇಳಲ್ಲ ಅನ್ನುವುದಕ್ಕೆ ಇಟ್ಟ ಹೆಸರು ಅದು.

ಸಸ್ಯಾಹಾರಿಗಳು ಹಸಿರು ಚುಕ್ಕೆ ನೋಡಿಕೊಳ್ಳಿ. ಬಹಳಷ್ಟು ಕ್ಯಾಪ್ಸೂಲಿನ ಹೊರಕವಚ ಜೆಲಟಿನ್, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ.

ವಿದೇಶದಿಂದ ಬಂದ ಬಾಟಲಿಗೆ ನಮ್ಮಲ್ಲಿ ವಿಶೇಷ ಮರ್ಯಾದೆ. ಆದರೆ ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟನ್ನು ಮಾರುವ ಮುಂಚೆ ಸರ್ಕಾರದ ಒಪ್ಪಿಗೆ ಬೇಕಿಲ್ಲ. ಅಲ್ಲಿಂದ ತರಿಸುವುದಾದರೆ "ಯುಎಸ್‌ಪಿ ವೆರಿಫೈಡ್" ಗುರುತು ಇರುವುದನ್ನು ತರಲು ಮಕ್ಕಳಿಗೆ ಹೇಳಿ. ಬರೆದ ವಸ್ತು ಬರೆದಷ್ಟೇ ಇದೆ ಅಂತ ಹೊರಗಿನವರು ಪರೀಕ್ಷಿಸಿದ್ದಾರೆ ಅನ್ನುವ ಗುರುತು ಅದು.

5. ತೂಕ ಇಳಿಸುವ ಡಬ್ಬಿಗಳ ಕಥೆ

ಉಪ್ಪಾಗೆ ಅನ್ನುವ ಹುಳಿ ಹಣ್ಣಿನಿಂದ ಶುರು ಮಾಡೋಣ. ಮಲೆನಾಡಿನವರಿಗೆ ಗೊತ್ತು: ಮಳೆಗಾಲದಲ್ಲಿ ಕಾಡಿನಿಂದ ಹಣ್ಣು ತಂದು, ಸಿಪ್ಪೆ ಬಿಡಿಸಿ, ಹೊಗೆಯಲ್ಲಿ ಕಪ್ಪಗೆ ಒಣಗಿಸಿ ಮಾರುತ್ತಾರೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಇದೇ ಹಣ್ಣಿನ ಹುಳಿಯೇ ಕಾಚಂಪುಳಿ, ಪಂದಿ ಕರಿಗೆ ಬೀಳುವುದು. ಈ ಸಿಪ್ಪೆಯ ಸಾರವೇ "ಗಾರ್ಸಿನಿಯಾ ಕ್ಯಾಂಬೋಜಿಯಾ" ಅನ್ನುವ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಮರಳಿ ನಮ್ಮ ಅಂಗಡಿಗೆ ಬರುತ್ತದೆ. ಅದರಲ್ಲಿರುವ ಎಚ್‌ಸಿಎ ಅನ್ನುವ ಆಮ್ಲ ಕೊಬ್ಬು ತಯಾರಾಗುವುದನ್ನು ತಡೆಯುತ್ತದೆ ಅನ್ನುವುದು ಮಾತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಎಲ್ಲರಿಗೂ ಒಂದೇ ಪಥ್ಯ. ಅರ್ಧ ಜನಕ್ಕೆ ಉಪ್ಪಾಗೆ ಸಾರ, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಹುಸಿ ಮಾತ್ರೆ. ಸಾರ ತಗೊಂಡವರು ಸರಾಸರಿ 3.2 ಕಿಲೊ ಇಳಿದರು. ಹುಸಿ ಮಾತ್ರೆಯವರು 4.1 ಕಿಲೊ ಇಳಿದರು. ಇಳಿಸಿದ್ದು ಪಥ್ಯ. ಆಮೇಲಿನ ವರ್ಷಗಳಲ್ಲಿ ಈ ಸಾರದಿಂದ ಲಿವರ್ ಕೆಟ್ಟ ವರದಿಗಳೂ ಬಂದವು. ಸಾರಿಗೆ ಹಾಕುವ ಉಪ್ಪಾಗೆಗೆ ಹೆದರಬೇಡಿ. ಹುಳಿಗೆ ಹಾಕುವಷ್ಟಕ್ಕೂ ಕ್ಯಾಪ್ಸೂಲಿಗೆ ಗಟ್ಟಿ ಸಾರ ಮಾಡಿ ತುಂಬುವಷ್ಟಕ್ಕೂ ಅಜಗಜಾಂತರ.

ಗ್ರೀನ್ ಟೀ ಕಥೆಯೂ ಇದೇ. ಲೋಟದಲ್ಲಿ ಕುಡಿದರೆ ಅದು ಟೀ. ಅದರ ಸಾರ ಕ್ಯಾಪ್ಸೂಲಿನಲ್ಲಿ ಇದ್ದರೆ ಅಳತೆ ನೋಡಿ. ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ ಅಥವಾ ಅದಕ್ಕಿಂತ ಹೆಚ್ಚಾದರೆ ಲಿವರಿಗೆ ಪೆಟ್ಟಾಗುವ ಲಕ್ಷಣ ಕಾಣುತ್ತದೆ ಅಂತ ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಹೇಳಿದೆ. ಇಜಿಸಿಜಿ ಅಂದರೆ ಗ್ರೀನ್ ಟೀಯ ಮುಖ್ಯ ಸತ್ವ. ಖಾಲಿ ಹೊಟ್ಟೆಯಲ್ಲಿ ನುಂಗುವುದು ಇನ್ನೂ ಕೆಟ್ಟದ್ದು.

ಆಪಲ್ ಸೈಡರ್ ವಿನೆಗರ್ ಕುಡಿದು ತೂಕ ಇಳಿಯಿತು ಅಂತ 2024ರಲ್ಲಿ ಒಂದು ಸಂಶೋಧನೆ ದೊಡ್ಡ ಸುದ್ದಿ ಮಾಡಿತ್ತು. ಮರುವರ್ಷ ಪತ್ರಿಕೆಯವರೇ ಅದನ್ನು ಹಿಂತೆಗೆದುಕೊಂಡರು. ಆ ಸುದ್ದಿ ಮಾತ್ರ ಯಾರ ವಾಟ್ಸಾಪಿಗೂ ಬರಲಿಲ್ಲ. ದಿನಾ ಕುಡಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ. ಸಿಎಲ್‌ಎ, ಎಲ್ ಕಾರ್ನಿಟಿನ್, ಕ್ರೋಮಿಯಂ, ರಾಸ್ಪ್‌ಬೆರಿ ಕೀಟೋನ್, ಇವಕ್ಕೆ ಒಂದೊಂದು ಪ್ಯಾರಾ ಖರ್ಚು ಮಾಡುವುದಿಲ್ಲ. ಬೇಡ.

ನಿಜವಾಗಿ ಹೆದರಬೇಕಾದ್ದು ಕೆಲಸ ಮಾಡುವ ಡಬ್ಬಿಗೆ. "ಹರ್ಬಲ್" ಅಂತ ಬರೆದಿರುತ್ತದೆ, ತಿನ್ನುತ್ತಿದ್ದಂತೆ ಹಸಿವೇ ಇಲ್ಲ, ಬಾಯಿ ಒಣಗುತ್ತದೆ, ಎದೆ ಡವಡವ, ನಿದ್ದೆ ಬರುವುದಿಲ್ಲ. ಅಂಥವುಗಳಲ್ಲಿ ಸಿಬುಟ್ರಮಿನ್ ಅನ್ನುವ ಔಷಧಿಯನ್ನು ಹೇಳದೇ ಬೆರೆಸಿರುವುದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿಸುತ್ತದೆ ಅಂತ ಅದನ್ನು 2010ರಲ್ಲಿ ಅಮೆರಿಕ, ಯುರೋಪಿನಲ್ಲೂ ಮರುವರ್ಷ ಭಾರತದಲ್ಲೂ ನಿಲ್ಲಿಸಿದ್ದಾರೆ. ವಿಳಾಸವಿಲ್ಲದ ಡಬ್ಬಿ, ಇನ್‌ಸ್ಟಾಗ್ರಾಂನಲ್ಲಿ ಮಾತ್ರ ಸಿಗುವ ಪುಡಿ, "ತಿಂಗಳಿಗೆ 10 ಕಿಲೊ ಗ್ಯಾರಂಟಿ" ಅನ್ನುವ ಮಾತು ಕಂಡಲ್ಲಿ ದೂರ ಇರಿ.

ಹಾಗಾದರೆ ತೂಕ ಇಳಿಸುವವರಿಗೆ ಯಾವುದೂ ಉಪಯೋಗವಿಲ್ಲವಾ? ಎರಡು ಇವೆ. ಒಂದು ಇಸಬ್‌ಗೋಲ್. ಊಟಕ್ಕೆ ಮುಂಚೆ ಒಂದು ದೊಡ್ಡ ಲೋಟ ನೀರಿನಲ್ಲಿ ಒಂದು ಚಮಚ. ಹೊಟ್ಟೆ ತುಂಬಿದ ಹಾಗಾಗುತ್ತದೆ, ಮಲಬದ್ಧತೆಯೂ ಸರಿಹೋಗುತ್ತದೆ. ಪವಾಡ ಏನಿಲ್ಲ. ನೀರು ಕಡಿಮೆಯಾದರೆ ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ, ಜೋಕೆ. ಬೇರೆ ಮಾತ್ರೆಗಳಿಂದ ಎರಡು ಗಂಟೆ ದೂರ ಇರಲಿ. ಇನ್ನೊಂದು ಪ್ರೋಟೀನ್. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ತಡೆಯಲು. ಕಾಳು, ಮೊಟ್ಟೆಯಿಂದ ಲೆಕ್ಕ ತುಂಬದಿದ್ದರೆ ಮಾತ್ರ ಪುಡಿ. ಮೈಕಟ್ಟಿಗೆಂದು ಪ್ರೋಟೀನ್ ಪುಡಿ ಬೇಡ ಅಂತ 2024ರ ಐಸಿಎಂಆರ್ ಆಹಾರ ಮಾರ್ಗಸೂಚಿಯೇ ಹೇಳುತ್ತದೆ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು ಸಪ್ಲಿಮೆಂಟ್ ಅಲ್ಲ, ಡಾಕ್ಟರ್ ಬರೆದುಕೊಡಬೇಕಾದ ಔಷಧಿ. ಅವು ತೂಕ ಇಳಿಸುವುದು ನಿಜ. "ಅದರ ನ್ಯಾಚುರಲ್ ರೂಪ" ಅಂತ ಗಿಡಗಳಿಂದ ತೆಗೆಯುವ ಬರ್ಬೆರಿನ್ ಮಾರುವವರ ಮಾತು ನಿಜ ಅಲ್ಲ. ಶುಗರ್ ಮಾತ್ರೆ ತಗೊಳ್ಳುವವರು ಬರ್ಬೆರಿನ್ ಸೇರಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು.

ತೂಕದ ಜೊತೆ ಟೇಪನ್ನೂ ಹಿಡಿಯಿರಿ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ವಾರಕ್ಕೆ ಅರ್ಧ ಕಿಲೊ ಇಳಿದರೆ ಅದು ಚೆನ್ನಾಗಿ ಇಳಿದ ಲೆಕ್ಕ.

6. ಐವತ್ತು ದಾಟಿದವರಿಗೆ

ಬಿ12 ಮೊದಲು. ವಯಸ್ಸಾದಂತೆ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗಿ ಊಟದಿಂದ ಬಿ12 ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಸಸ್ಯಾಹಾರಿಗಳಿಗೆ ಮೊದಲೇ ಕಡಿಮೆ. ಶುಗರಿನ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಇನ್ನೂ ಕಡಿಮೆ. ಗ್ಯಾಸ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್ ಥರದ್ದು ದಿನಾ ನುಂಗುವವರಿಗೆ ಮತ್ತೂ ಕಡಿಮೆ. ನಮ್ಮ ಎಷ್ಟು ಮನೆಗಳಲ್ಲಿ ಈ ನಾಲ್ಕೂ ಒಬ್ಬರಲ್ಲೇ ಇರುತ್ತವೆ! ಪಾದ ಜೋಮು ಹಿಡಿಯುವುದು, ಉರಿಯುವುದು, ಮರೆವು, ನಡೆಯುವಾಗ ತೂರಾಡುವುದು, ಇವನ್ನು "ವಯಸ್ಸಾಯ್ತು" ಅಂತ ಬಿಟ್ಟುಬಿಡುತ್ತಾರೆ. ಪರೀಕ್ಷೆ ಮಾಡಿಸಿ. ದಿನಕ್ಕೆ ಬೇಕಾದ್ದು ಎರಡೂವರೆ ಮೈಕ್ರೊಗ್ರಾಂ ಒಳಗೆ, ಮಾತ್ರೆಯಲ್ಲಿ 1500 ಯಾಕೆ ಅಂತ ಕೇಳುತ್ತಾರೆ. ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ನೂರಕ್ಕೆ ಒಂದು ಭಾಗದಷ್ಟೇ ಒಳಗೆ ಹೋಗುತ್ತದೆ. ಅದಕ್ಕೆ. ಬಿ12 ನೋಡದೆ ಫೋಲಿಕ್ ಆಸಿಡ್ ಒಂದನ್ನೇ ತಗೊಳ್ಳಬೇಡಿ. ರಕ್ತ ಸರಿಯಾದ ಹಾಗೆ ಕಾಣುತ್ತದೆ, ನರ ಒಳಗೊಳಗೇ ಕೆಡುತ್ತಿರುತ್ತದೆ.

ವಿಟಮಿನ್ ಡಿ ವಿಷಯದಲ್ಲಿ ನೋಡಿದ್ದೊಂದು ಹೇಳಲೇಬೇಕು. ನಿವೃತ್ತ ಮೇಷ್ಟ್ರು ಒಬ್ಬರು 60,000 ಐಯು ಸ್ಯಾಚೆಟ್ ಮತ್ತೆ ಬೇಕು ಅಂತ ಬಂದರು. "ಹೋದ ತಿಂಗಳು ತಾನೇ ತಗೊಂಡ್ರಲ್ಲ ಸಾರ್, ಎಂಟು ಇತ್ತಲ್ಲ?" ಅಂದೆ. "ಎಂಟು ದಿನಕ್ಕೆ ಮುಗೀತಪ್ಪಾ. ಆಮೇಲೆ ಬೇರೆ ಅಂಗಡೀಲಿ ತಗೊಂಡೆ" ಅಂದರು. ಚೀಟಿಯಲ್ಲಿ ಬರೆದಿದ್ದು ವಾರಕ್ಕೊಂದು. ಮೇಷ್ಟ್ರು ಬೆಳಗ್ಗೆ ಹಾಲಿಗೊಂದು ಹಾಕುತ್ತಿದ್ದರು. 60 ದಾಟಿದವರಿಗೆ ದಿನಕ್ಕೆ ಬೇಕಾದ್ದು 800 ಐಯು. ಒಂದು ಸ್ಯಾಚೆಟ್ಟಿನಲ್ಲಿ 75 ದಿನದ್ದು ಇರುತ್ತದೆ. ಹೀಗೆ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು. ಕಿಡ್ನಿಯೇ ಹೋಗಬಹುದು. ಅವರನ್ನು ಅವತ್ತೇ ಡಾಕ್ಟರ್ ಹತ್ತಿರ ಕಳಿಸಿದೆ. ಸ್ಯಾಚೆಟ್ ತಂದ ದಿನವೇ ಮಾರ್ಕರ್‌ನಿಂದ ಪ್ರತಿಯೊಂದರ ಮೇಲೂ ತಾರೀಖು ಬರೆದುಬಿಡಿ: ಈ ಭಾನುವಾರ, ಮುಂದಿನ ಭಾನುವಾರ, ಹಾಗೆ.

ಕೊರತೆ ಇಲ್ಲದಿದ್ದರೂ "ಇರಲಿ ಅಂತ" ವಿಟಮಿನ್ ಡಿ ತಗೊಳ್ಳಬಹುದಾ? ಅಮೆರಿಕದಲ್ಲಿ ಸುಮಾರು 26,000 ಜನರ ಮೇಲೆ ಐದು ವರ್ಷ ಪರೀಕ್ಷೆ ನಡೆಯಿತು, ದಿನಕ್ಕೆ 2000 ಐಯು ಕೊಟ್ಟು. ಕ್ಯಾನ್ಸರ್ ಬರುವುದಾಗಲೀ ಹೃದಯದ ತೊಂದರೆಯಾಗಲೀ ಕಡಿಮೆ ಆಗಲಿಲ್ಲ. ಮೂಳೆ ಮುರಿಯುವುದೂ ಕಡಿಮೆ ಆಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಕೊರತೆ ಇರಲಿಲ್ಲ ಅನ್ನುವುದನ್ನು ಮರೆಯಬಾರದು.

ಮಲ್ಟಿವಿಟಮಿನ್ ಬಗ್ಗೆ ಉತ್ತರ ನಡುವಿನದು. ಸುಮಾರು 3.9 ಲಕ್ಷ ಆರೋಗ್ಯವಂತರನ್ನು 20 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಮಲ್ಟಿವಿಟಮಿನ್ ತಗೊಂಡವರ ಆಯುಸ್ಸು ಹೆಚ್ಚಾಗಲಿಲ್ಲ. ಇನ್ನೊಂದೆಡೆ, ಅರವತ್ತು ದಾಟಿದವರಲ್ಲಿ ನೆನಪಿನ ಶಕ್ತಿಗೆ ಸಣ್ಣ ಲಾಭ ಕಂಡ ಪ್ರಯೋಗವೂ ಇದೆ. ಹಲ್ಲಿಲ್ಲದೆ, ಹಸಿವಿಲ್ಲದೆ ಎರಡು ತುತ್ತು ಉಣ್ಣುವ ಅಜ್ಜನಿಗೆ ಕೊಡಿ, ತಪ್ಪಿಲ್ಲ. ಚೆನ್ನಾಗಿ ಉಣ್ಣುವವರಿಗೆ ಆ ದುಡ್ಡಿನಲ್ಲಿ ಹಣ್ಣು ತಂದುಕೊಡಿ. ಗಂಡಸರು, ಮುಟ್ಟು ನಿಂತವರು ಕಬ್ಬಿಣ ಇಲ್ಲದ ಮಲ್ಟಿವಿಟಮಿನ್ ಆರಿಸಿಕೊಳ್ಳಿ.

ಬೀಡಿ, ಸಿಗರೇಟು ಸೇದುವವರು ಬೀಟಾ ಕ್ಯಾರೋಟಿನ್ ಮಾತ್ರೆ ಮುಟ್ಟಲೇಬೇಡಿ. ಫಿನ್ಲೆಂಡಿನಲ್ಲಿ ಸೇದುವವರಿಗೆ ಅದನ್ನು ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು. ಕ್ಯಾರೆಟ್ ತಿನ್ನಿ, ಅದಕ್ಕೆ ಅಡ್ಡಿಯಿಲ್ಲ. 400 ಐಯು ವಿಟಮಿನ್ ಇ ವರ್ಷಗಟ್ಟಲೆ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು ಕಂಡಿತು.

ಎನ್‌ಎಂಎನ್, ರೆಸ್ವೆರಾಟ್ರಾಲ್ ಥರದ "ಯೌವನದ" ಮಾತ್ರೆಗಳು ಇಲಿಗಳ ಮೇಲೆ ಆಶೆ ಹುಟ್ಟಿಸಿವೆ. ಮನುಷ್ಯರ ಆಯುಸ್ಸು ಹೆಚ್ಚಿಸಿದ ಪುರಾವೆ ಇಲ್ಲ, ಬೆಲೆ ಮಾತ್ರ ಮನುಷ್ಯರದ್ದೇ. ಅದಕ್ಕಿಂತ ಸ್ನಾಯುವಿಗೆಂದು ಮಾರುವ ಕ್ರಿಯಾಟಿನ್ ಪುಡಿ ಮೇಲು (ರಕ್ತ ಪರೀಕ್ಷೆಯ ಕ್ರಿಯಾಟಿನಿನ್ ಬೇರೆ). ದಿನಕ್ಕೆ 3ರಿಂದ 5 ಗ್ರಾಂ, ಜೊತೆಗೆ ತೂಕ ಎತ್ತುವ ವ್ಯಾಯಾಮ ಇದ್ದರೆ ವಯಸ್ಸಾದವರ ಸ್ನಾಯುಬಲಕ್ಕೆ ಸಹಾಯ ಮಾಡುತ್ತದೆ. ವ್ಯಾಯಾಮ ಇಲ್ಲದೆ ದಂಡ. ಕಿಡ್ನಿ ತೊಂದರೆ ಇದ್ದರೆ ಬೇಡ.

7. ಒಂದೊಂದಾಗಿ ಶುರು ಮಾಡಿ

ಮೂರು ಡಬ್ಬಿ ಒಂದೇ ದಿನ ಒಡೆಯಬೇಡಿ. ತುರಿಕೆ ಬಂದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ. ಎರಡು ವಾರಕ್ಕೊಂದು ಸಾಕು. ಮುಚ್ಚಳದ ಮೇಲೆ ಶುರು ಮಾಡಿದ ತಾರೀಖು ಬರೆಯಿರಿ, ಪಕ್ಕದಲ್ಲಿ ಮೂರು ತಿಂಗಳ ಮುಂದಿನ ತಾರೀಖನ್ನೂ ಬರೆಯಿರಿ. ಅವತ್ತು ಮತ್ತೆ ಪರೀಕ್ಷೆ ಮಾಡಿಸಿ, ಮುಂದುವರಿಸಬೇಕೋ ಬೇಡವೋ ಡಾಕ್ಟರನ್ನು ಕೇಳಿ.

ಹೊತ್ತು ಹೀಗೆ ಹಂಚಿಕೊಳ್ಳಬಹುದು. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಇದ್ದರೆ. ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು. ತಿಂಡಿ ಜೊತೆ ಬಿ12. ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ವಿಟಮಿನ್ ಡಿ. ವಿಟಮಿನ್ ಡಿಗೆ ಊಟದಲ್ಲಿ ಸ್ವಲ್ಪ ತುಪ್ಪ, ಎಣ್ಣೆ ಇರಬೇಕು, ಕಾರ್ಬೊನೇಟಿಗೆ ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ ಮಾತ್ರೆ ತಗೊಳ್ಳುವವರು ಕ್ಯಾಲ್ಸಿಯಂ ಸಿಟ್ರೇಟ್ ಕೇಳಿ ತಗೊಳ್ಳಿ, ಅದಕ್ಕೆ ಆಮ್ಲದ ಹಂಗಿಲ್ಲ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬೇಡಿ, ಅದಕ್ಕಿಂತ ಹೆಚ್ಚು ಸರಿಯಾಗಿ ಹೀರಿಕೆಯಾಗುವುದಿಲ್ಲ. ಕಬ್ಬಿಣದ ಮಾತ್ರೆ ಕ್ಯಾಲ್ಸಿಯಂ ಜೊತೆ ಬೇಡ, ಕಾಫಿ ಟೀ ಜೊತೆಯೂ ಬೇಡ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೇದು.

8. ಯಾವಾಗ ನಿಲ್ಲಿಸಬೇಕು

ಕಣ್ಣು ಹಳದಿಯಾದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಬಲ ಪಕ್ಕೆಯ ಕೆಳಗೆ ನೋವು, ಊಟ ಕಂಡರೆ ಓಕರಿಕೆ ಬಂದರೆ ಎಲ್ಲ ಸಪ್ಲಿಮೆಂಟನ್ನೂ ಅವತ್ತೇ ನಿಲ್ಲಿಸಿ. ಲಿವರಿಗೆ ಏನೋ ಆಗಿರುವ ಲಕ್ಷಣ ಅದು. ಎದೆ ಡವಡವ, ತಲೆ ಸುತ್ತು, ಎಲ್ಲಿಂದಲಾದರೂ ರಕ್ತ ಬರುವುದು, ಇವಕ್ಕೂ ಕಾಯಬೇಡಿ. ಮಾಮೂಲಿ ಬಿಪಿ, ಶುಗರ್ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಆಪರೇಷನ್ ಇದ್ದರೆ ಏನೇನು ತಗೊಳ್ಳುತ್ತಿದ್ದೀರಿ ಅಂತ ಮುಂಚೆಯೇ ಹೇಳಿ. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆಯನ್ನೂ ಸೇರಿಸಿ ಹೇಳಿ.

ಅಡ್ಡಪರಿಣಾಮ ಆಗಿದ್ದರೆ ದೂರು ಕೊಡಲು 1800-180-3024 ಇದೆ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರದ ಉಚಿತ ಸಹಾಯವಾಣಿ ಅದು. ಕೋಪದಲ್ಲಿ ಡಬ್ಬಿ ಎಸೆಯಬೇಡಿ. ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಡಿ, ಡಾಕ್ಟರ್ ಹತ್ತಿರ ಹೋಗುವಾಗ ಡಬ್ಬಿಯನ್ನೇ ಹಿಡಿದುಕೊಂಡು ಹೋಗಿ. "ಅದೇ ಸಾರ್, ಕೆಂಪು ಡಬ್ಬಿ" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಹೆಸರಿಗೆ ಪ್ಲಸ್, ಫೋರ್ಟೆ, ಗೋಲ್ಡ್ ಅಂತ ಬಾಲ ಅಂಟಿಸಿದ ನಾಲ್ಕು ಡಬ್ಬಿ ನನ್ನ ಶೆಲ್ಫಿನಲ್ಲೇ ಇವೆ, ನಾಲ್ಕರೊಳಗೂ ಬೇರೆ ಬೇರೆ ಸಾಮಾನು.